ಮಾವ ಅಲ್ಲಾಡಿಸಿ ತಂದ ಬಾಕ್ಸು

ಕೃಷ್ಣಕುಮಾರನ ಬಾಸ್ ಗಿಟಾರನ್ನು ಕಣ್ಣಾರೆ ಕಂಡವರು ಹಂದನಕೆರೆ ಸೀಮೆಯಲ್ಲಿ ಸಾವಿರಾರು ಜನ ಇದ್ದಾರೆ. ಕಿವಿಯಾರೆ ಕೇಳಿದವರು ಒಬ್ಬರೂ ಇರಲಿಲ್ಲ. ಇದು ನಿಂದೆಯಲ್ಲ, ಸತ್ಯಸಂಗತಿ. ನಮ್ಮ ‘ಜುಂಜೇಶ್ ಮೆಲೋಡೀಸ್’ ಆರ್ಕೆಸ್ಟ್ರಾದಲ್ಲಿ ಅವನು ವರ್ಷಗಟ್ಟಲೆ ನಿಂತು ಬಾರಿಸಿದ್ದಾನೆ. ನಾನು ವರ್ಷಗಟ್ಟಲೆ ಮೈಕು ಹಿಡಿದು, “ಬಾಸ್ ಗಿಟಾರಿನಲ್ಲಿ ನಾದಲೋಲ ಕೃಷ್ಣಕುಮಾರ್!” ಎಂದು ಕೂಗಿದ್ದೇನೆ. ಆ ನಾದ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತಿತ್ತೆಂದು ನನಗೂ ಗೊತ್ತಿರಲಿಲ್ಲ. ನಾನು ನಿರೂಪಕ, ಮುದ್ದಣ್ಣ ಮೇಷ್ಟ್ರು. ಇಲ್ಲದ್ದನ್ನು ಇದೆ ಎಂದು ಗಟ್ಟಿಯಾಗಿ ಹೇಳುವುದಕ್ಕೇ ನನಗೆ ಊರೂರಲ್ಲಿ ಶಾಲು ಹೊದಿಸುತ್ತಾರೆ.

ತಪ್ಪು ಕುಮಾರನದಲ್ಲ. ನಮ್ಮ ತಂಡದ ಸೌಂಡ್ ಬಾಕ್ಸುಗಳು ಭಜನೆಗೆಂದು ಕೊಂಡವು. ಅವುಗಳಿಗೆ ಬಾಸಿನ ದಪ್ಪ ದನಿ ಕೊಟ್ಟರೆ ಒಳಗಿನ ಕಾಗದ ಹರಿದುಹೋಗುತ್ತದೆಂದು ತಂಡದ ಯಜಮಾನ ಜುಂಜೇಶ ಬಾಸಿನ ಗುಂಡಿಯನ್ನು ಸೊನ್ನೆಯಿಂದ ಮೇಲಕ್ಕೆ ಏರಿಸಿದವನೇ ಅಲ್ಲ. ಹೀಗಾಗಿ ಕುಮಾರ ತಂತಿ ಮೀಟುತ್ತಿದ್ದ, ತಲೆ ಆಡಿಸುತ್ತಿದ್ದ, ಬೆವರುತ್ತಿದ್ದ. ಸದ್ದು ಮಾತ್ರ ವೈರಿನೊಳಗೇ ಇರುತ್ತಿತ್ತು.

ತುರುವೇಕೆರೆಯ ಗಣೇಶನ ಕಾರ್ಯಕ್ರಮಕ್ಕೆ ಅವನ ಮಾವ ಹುಚ್ಚರಂಗಯ್ಯನವರು ಹಾಲ್ಕುರಿಕೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕೊನೆಯ ಹಾಡು ಮುಗಿದು ಮಂಗಳ ಹಾಡುವ ಹೊತ್ತಿಗೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಮೇಷ್ಟ್ರೇ, ನಮ್ಮ ಅಳಿಯಂದ್ರು ಯಾವಾಗ ಶುರು ಮಾಡ್ತಾರೆ?”

“ಮುಗೀತಲ್ಲ ಸ್ವಾಮಿ.”

“ಮುಗೀತಾ? ಮೊದ್ಲಿಂದ ಅದನ್ನ ಕೆರೀತಾನೇ ಅವ್ರೆ. ಶ್ರುತಿ ಮಾಡ್ತಾವ್ರೆ ಅಂದ್ಕೊಂಡೆ.”

ಕುಮಾರನ ಪಕ್ಕದ ಮನೆಯ ಪುಟ್ಟಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವನನ್ನೇ ಹಿಡಿದು, “ನಿಂದಕ್ಕೆ ಕರೆಂಟ್ ಬಂದಿರ್ಲಿಲ್ವೇನಪ್ಪಾ, ಪಾಪ” ಎಂದು ಮರುಗಿದಳು. ಬೈದಿದ್ದರೆ ಕುಮಾರ ತಡೆದುಕೊಳ್ಳುತ್ತಿದ್ದ. ಮರುಕವನ್ನು ತಡೆದುಕೊಳ್ಳಲು ಅವನಿಗೆ ಆಗಲಿಲ್ಲ.

ಅದೇ ವಾರ ಜುಂಜೇಶ ಬಾಂಬು ಹಾಕಿದ. “ಕುಮಾರಣ್ಣ, ಬೇಜಾರ್ ಮಾಡ್ಕೋಬ್ಯಾಡ. ನಿನ್ನ ಬಾಸು ನಾನು ಕೀಬೋರ್ಡಲ್ಲಿ ಎಡಗೈಲೇ ಬಾರ್ಸ್‌ಬೋದು. ನಿನ್ನ ನಾದ್ನಿ ರಿಸೆಪ್ಷನ್‌ಗೆ ನಮ್ದೇ ಪ್ರೋಗ್ರಾಮು ಅಲ್ವಾ? ಅವತ್ತು ಜನಕ್ಕೆ ನಿನ್ನ ಸೌಂಡು ಕೇಳಿಸ್ತು ಅನ್ನು, ನೀನಿರ್ತೀಯ. ಇಲ್ಲಾಂದ್ರೆ ನನ್ನ ಎಡಗೈ ಇರ್ತದೆ.”

ನಾದಿನಿ ಧನುಶ್ರೀಯ ರಿಸೆಪ್ಷನ್ನಿಗೆ ಹೆಂಡತಿಯ ಕಡೆಯ ಬಳಗವೆಲ್ಲ ಬರುವುದಿತ್ತು. ಅವರೆದುರು ಇನ್ನೊಬ್ಬನ ಎಡಗೈಗೆ ಸೋತು ಕೆಳಗೆ ಪಂಕ್ತಿಯಲ್ಲಿ ಪಾಯಸ ಬಡಿಸುತ್ತ ನಿಲ್ಲುವುದನ್ನು ನೆನೆದೇ ಕುಮಾರನಿಗೆ ಜ್ವರ ಬಂತು. ಬಾಸಿಗೆಂದೇ ಸ್ವಂತದ್ದೊಂದು ಸ್ಪೀಕರ್ ಬಾಕ್ಸು ಬೇಕೇ ಬೇಕಾಯಿತು. ಆಂಪ್ಲಿಫೈಯರ್ ಅವನ ಹತ್ತಿರ ಇತ್ತು. ಅದು ಕೂಗಲು ಒಂದು ಬಾಯಿ ಬೇಕಾಗಿತ್ತು, ಅದೂ ಅಗ್ಗದ ಬಾಯಿ. ಹೊಸ ಕಂಪನಿ ಬಾಕ್ಸಿನ ಬೆಲೆ ಕೇಳಿದ ಹೆಂಡತಿ ಧನಲಕ್ಷ್ಮಿ, “ಅಷ್ಟಕ್ಕೆ ಕರು ಸಮೇತ ಹಸ ಬತ್ತದೆ. ಅದಾದ್ರೂ ಅಂಬಾ ಅಂತದೆ” ಎಂದು ಬಜೆಟ್ ಮಂಡಿಸಿ ಮುಗಿಸಿಬಿಟ್ಟಿದ್ದಳು.

ಕುಮಾರ ಹಂದನಕೆರೆಯ ಹಾಲಿನ ಡೈರಿಯ ಕಾರ್ಯದರ್ಶಿ. ಡೈರಿಯಲ್ಲಿ ಕೂತೇ ಫೋನಿನಲ್ಲಿ ತಜ್ಞರ ವೀಡಿಯೋ ನೋಡತೊಡಗಿದ. ಒಬ್ಬ ತಜ್ಞ ಹತ್ತಿಂಚಿನ ಸ್ಪೀಕರು ಸಾಕೆಂದ. ಇನ್ನೊಬ್ಬ ಹದಿನೈದಿಂಚು ಇಲ್ಲದೆ ಬಾಳೇ ಇಲ್ಲವೆಂದ. ಮೂರನೆಯವನು ಇಂಚು ಗಿಂಚು ಬಿಡಿ, ಆಂಪ್ಲಿಫೈಯರಿಗೂ ಬಾಕ್ಸಿಗೂ ಓಮ್ಸ್ ಎಂಬ ವಿದ್ಯುತ್ ಲೆಕ್ಕ ಹೊಂದದಿದ್ದರೆ ಎರಡೂ ಸುಟ್ಟುಹೋಗುತ್ತವೆಂದು ಹೆದರಿಸಿದ. ಕುಮಾರನಿಗೆ ನಿದ್ದೆಯಲ್ಲೂ ಓಮ್ಸು. ಒಂದು ಬೆಳಗ್ಗೆ ಊರಿನ ರೈತ ಹುಚ್ಚಣ್ಣ ಹಾಲು ತಂದು ಸುರಿದಾಗ ಕುಮಾರ ಹಾಲಿನ ಜಿಡ್ಡು ಅಳೆಯುವ ಮಿಷನ್ನು ನೋಡಿ, ಎಲ್ಲೋ ಜ್ಞಾನವಿಟ್ಟು, “ನಿಂದು ನಾಲ್ಕು ಓಮ್ಸು” ಎಂದುಬಿಟ್ಟ.

“ಅದ್ಯಾವುದಪ್ಪಾ ಹೊಸದು?” ಹುಚ್ಚಣ್ಣನ ಮುಖ ಬಿಳುಚಿತು.

“ಎಂಟಿರ್ಬೇಕಿತ್ತು. ನಾಲ್ಕಾದ್ರೆ ಸುಟ್ಟೋಗ್ತದೆ.”

ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀರು ಬೆರೆಸಿದ್ದನ್ನು ಹಿಡಿಯುವ ಹೊಸ ಪರೀಕ್ಷೆಯೊಂದು ಬಂದಿದೆಯೆಂದು ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿಯಾಯಿತು. ಮರುದಿನ ಇಡೀ ಹಂದನಕೆರೆಯ ಹಾಲು ಗಟ್ಟಿಯಾಗಿ ಬಂತು. ಮೇಲಿನಿಂದ ಡೈರಿಗೆ ಪ್ರಶಂಸೆಯೂ ಬಂತು. ಯಾಕೆಂದು ಕುಮಾರನಿಗೆ ಈವತ್ತಿಗೂ ತಿಳಿದಿಲ್ಲ.

ಕೊನೆಗೆ ತಿಪಟೂರಿಗೆ ಹೋಗಿ ಕಣ್ಣಾರೆ ನೋಡಿ ಕೊಳ್ಳುವುದೆಂದಾಯಿತು. ನಾನೂ ಜೊತೆಗೆ ಹೊರಟೆ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಹುಚ್ಚರಂಗಯ್ಯನವರು ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದರು. ಧನಲಕ್ಷ್ಮಿ ಫೋನು ಮಾಡಿದ್ದಳು. ಆ ಮನೆತನದಲ್ಲಿ ಸೂಜಿ ಕೊಳ್ಳುವುದಿದ್ದರೂ ಹುಚ್ಚರಂಗಯ್ಯನವರು ಮುಟ್ಟಿ ನೋಡಬೇಕು. ಆಯುಷ್ಯವೆಲ್ಲ ಕೊಬ್ಬರಿ ಆರಿಸಿ ಬಂದ ಕೈ ಅದು. ಅಟ್ಟದ ಮೇಲೆ ಒಣಗಲು ಹಾಕಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಲೊಡಕ್ ಎಂದರೆ ಬಲಿತದ್ದು. ಸುಮ್ಮನಿದ್ದರೆ ಎಳಸು. ಅವರು ಲೋಕದ ಸಕಲ ವಸ್ತುಗಳನ್ನೂ ಈ ಎರಡು ಜಾತಿಯಲ್ಲಿ ವಿಂಗಡಿಸಿಟ್ಟಿದ್ದರು. ಕುಮಾರನನ್ನು ಯಾವ ಜಾತಿಗೆ ಸೇರಿಸಿದ್ದರೆಂದು ನಾನು ಕೇಳಲು ಹೋಗಿಲ್ಲ.

ವಸಂತನ ಸೌಂಡ್ ಅಂಗಡಿಯಲ್ಲಿ ಮೂರು ಬಾಕ್ಸುಗಳಿದ್ದವು. ಒಂದು ಹೊಸದು, ಕರ್ರಗೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಊರ ಬಡಗಿ ಮಾಡಿದ ಡಿಜೆ ಬಾಕ್ಸು. ಅದನ್ನು ಕೊಂಡರೆ ಕುಮಾರನ ಮನೆಯ ಬಾಗಿಲು ಒಡೆಸಬೇಕಾಗಿತ್ತು. ಮೂರನೆಯದು ಯಾವುದೋ ನಿಂತುಹೋದ ಆರ್ಕೆಸ್ಟ್ರಾದ ಹಳೇ ಬಾಕ್ಸು, ಹದಿನೈದಿಂಚಿನದು, ಮುಂದುಗಡೆ ಗಾಳಿ ಹೋಗಲು ದುಂಡಗಿನ ತೂತು. ಅದನ್ನು ವಸಂತ ಅಂಗಡಿಯ ಹಿಂದಿನ ಕೊಬ್ಬರಿ ಗೋಡೌನಿನಲ್ಲಿ, ಮೂಟೆಗಳ ಸಂದಿಯಲ್ಲಿ ಇಟ್ಟು ಮರೆತಿದ್ದ.

ಕುಮಾರ ಹೊಸ ಬಾಕ್ಸಿನ ಮುಂದೆ ಕೂತು, “ಇದು ಎಷ್ಟು ಓಮ್ಸು ವಸಂತಣ್ಣ?” ಎಂದು ಶುರುಮಾಡಿದ. ಹುಚ್ಚರಂಗಯ್ಯನವರು ಅವನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿದರು.

“ಅಳಿಯಂದ್ರೇ, ಓದ್ಕೊಂಡಿರೋರು ನೀವು, ಸರಿ. ವ್ಯಾಪಾರ ನಂಗೆ ಬುಡಿ.”

ಬೆರಳ ಗೆಣ್ಣಿನಿಂದ ಹೊಸ ಬಾಕ್ಸನ್ನು ಕುಟ್ಟಿದರು. ಕಿವಿ ಹಚ್ಚಿದರು. ಮೂಸಿದರು. ಆಮೇಲೆ ನನಗೂ ವಸಂತನಿಗೂ, “ಎತ್ತಿ ಒಂಚೂರು ಅಲ್ಲಾಡ್ಸಿ” ಎಂದು ಅಪ್ಪಣೆ ಮಾಡಿದರು. ನಾವು ಉಸಿರು ಬಿಗಿಹಿಡಿದು ಅಲ್ಲಾಡಿಸಿದೆವು. ಬಾಕ್ಸು ತುಟಿ ಪಿಟಕ್ಕೆನ್ನಲಿಲ್ಲ.

“ಎಳಸು” ಎಂದರು ಹುಚ್ಚರಂಗಯ್ಯ.

“ಯಜಮಾನ್ರೇ, ಕಂಪನಿ ಮಾಲು” ಎಂದು ವಸಂತ ಕಕ್ಕಾಬಿಕ್ಕಿಯಾದ.

“ಕಂಪನಿಯೋರು ಬಲಿಯೋಕೆ ಬುಡ್ದಂಗೆ ಕಿತ್ಬುಡ್ತಾರೆ. ಮುಂದಿನ್ದು?”

ಡಿಜೆ ಬಾಕ್ಸನ್ನು ಎತ್ತಲಾಗದೆ ಒರಗಿಸಿ ಅಲ್ಲಾಡಿಸಿದೆವು. ಅದೂ ಎಳಸಾಯಿತು. ಮೂರನೆಯದನ್ನು ಗೋಡೌನಿನಿಂದ ಎಳೆದು ತಂದು ಎತ್ತಿದೆವಷ್ಟೆ, ಒಳಗಿನಿಂದ ‘ಲೊಡಕ್’ ಎಂದಿತು. ಹುಚ್ಚರಂಗಯ್ಯನವರ ಮುಖ ಅರಳಿತು. ಇನ್ನೊಮ್ಮೆ ಅಲ್ಲಾಡಿಸಲು ಹೇಳಿ ಕಣ್ಣು ಮುಚ್ಚಿ ಕೇಳಿದರು. ಲೊಡಕ್, ಲೊಡಕ್.

“ಬಲ್ತು ಬುಟ್ಕೊಂಡೈತೆ! ಇದು ನೋಡ್ರಿ ಮಾಲು ಅಂದ್ರೆ!”

ಸ್ಪೀಕರ್ ಬಾಕ್ಸಿನೊಳಗೆ ಏನೂ ಲೊಡಕ್ ಎನ್ನಬಾರದೆಂದು ಕುಮಾರನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ವಸಂತನಿಗಂತೂ ಚೆನ್ನಾಗಿ ಗೊತ್ತಿತ್ತು. ಆದರೆ ಮಾರಾಟವಾಗದ ಮಾಲನ್ನು ಗಿರಾಕಿಯೇ ಹೊಗಳುವಾಗ ನಡುವೆ ಬಾಯಿ ಹಾಕುವಷ್ಟು ಪಾಪಿ ವಸಂತನಲ್ಲ. “ಮಾವ, ಅದು ಹಂಗಲ್ಲ...” ಎಂದು ಕುಮಾರ ತೊದಲುವಷ್ಟರಲ್ಲಿ ಹುಚ್ಚರಂಗಯ್ಯನವರು ಹೆಗಲ ಟವೆಲು ತೆಗೆದು ವಸಂತನ ಕೈಯ ಮೇಲೆ ಹೊದಿಸಿಯಾಗಿತ್ತು. ಸಂತೆಯ ಹಳೇ ಪದ್ಧತಿ. ದರದ ಮಾತು ಬಾಯಲ್ಲಿ ಬರಕೂಡದು, ಟವೆಲಿನ ಮರೆಯಲ್ಲಿ ಬೆರಳು ಹಿಡಿದೇ ಹೇಳಬೇಕು. ಬಾರ್‌ಕೋಡಿನ ಕಾಲದ ಹುಡುಗ ವಸಂತನಿಗೆ ಆ ಭಾಷೆ ಬಾರದು. ಒಳಗೆ ಯಾವ ಬೆರಳು ಹಿಚುಕಿಸಿಕೊಂಡು ಏನಕ್ಕೆ ಒಪ್ಪಿದನೋ, ಟವೆಲು ಸರಿಸಿದಾಗ ಅವನ ಕಣ್ಣಲ್ಲಿ ನೀರಿತ್ತು.

“ಇದು ನನ್ ಉಡುಗೊರೆ ಅಳಿಯಂದ್ರೇ” ಎಂದರು ಹುಚ್ಚರಂಗಯ್ಯ. “ಒಂದೇ ಮಾತು. ಬಿಚ್ಚೋಕೆ ಗಿಚ್ಚೋಕೆ ಹೋಗ್ಬ್ಯಾಡಿ. ಬಲ್ತಿರೋದ್ನ ಒಡೀಬಾರ್ದು.”

ಅಲ್ಲಿಗೆ ಕುಮಾರನ ಬಾಯಿಗೆ ಬೀಗ ಬಿತ್ತು. ದುಡ್ಡು ಕೊಟ್ಟು ತಂದಿದ್ದರೆ ವಾಪಸು ಕೊಡಬಹುದಿತ್ತು. ಮಾವ ಅಲ್ಲಾಡಿಸಿ ಕೊಟ್ಟದ್ದನ್ನು ಯಾರಿಗೆ ವಾಪಸು ಕೊಡುವುದು?

ರಿಸೆಪ್ಷನ್ನಿನ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಬಾಕ್ಸಿಗೆ ವೈರು ಸಿಕ್ಕಿಸಿದ. ತೂತಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಒಳಗೆಲ್ಲ ಹತ್ತಿ ತುಂಬಿತ್ತು, ಬೇರೇನೂ ಕಾಣಲಿಲ್ಲ. ಬೋರಲು ಹಾಕಿ ಕುಲುಕಿದ. ಲೊಡಕ್ ಎಂದಿತೇ ಹೊರತು ಏನೂ ಉದುರಲಿಲ್ಲ. ದೇವರ ಮೇಲೆ ಭಾರ ಹಾಕಿ ದಪ್ಪ ತಂತಿ ಮೀಟಿದ. ‘ಧುಂ’ ಎಂಬ ನಾದ ಹೊರಟಿತು. ಬೆನ್ನಿಗೇ ‘ಲೊಡಲೊಡಲೊಡ’ ಎಂದಿತು.

ಕೊಬ್ಬರಿಗೆ ಚಿನ್ನದ ಬೆಲೆ ಬಂದಿರುವ ವರ್ಷ ಇದು. ಪಕ್ಕದ ಹಳ್ಳಿಯಲ್ಲಿ ಹಾಡುಹಗಲೇ ಯಾರದೋ ಅಟ್ಟ ಬರಿದಾಗಿತ್ತು. ಗೋಡೆಯಾಚೆ ಪುಟ್ಟಕ್ಕನಿಗೆ ಧುಂ ಕೇಳಿಸಲಿಲ್ಲ, ಲೊಡಲೊಡ ಕೇಳಿಸಿತು. ಯಾರೋ ಅಟ್ಟದ ಕಾಯಿಗಳನ್ನು ಅಲ್ಲಾಡಿಸಿ ಬಲಿತದ್ದನ್ನು ಆರಿಸುತ್ತಿದ್ದಾರೆ! “ಅಯ್ಯಯ್ಯಪ್ಪೋ, ಕಾಯಿ ಕದೀತಾವ್ರೆ ಬರ್ರಪ್ಪೋ!” ಎಂದು ಒನಕೆ ಹಿಡಿದು ಏಣಿ ಹತ್ತಿದಳು. ಅವಳ ಕೂಗಿಗೆ ಬೀದಿಯವರೆಲ್ಲ ತಮ್ಮ ತಮ್ಮ ಅಟ್ಟ ಹತ್ತಿದರು. ಕುಮಾರ ಎರಡನೇ ತಂತಿಗೆ ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ನೆಲದ ಮೇಲೆ ಉಳಿದಿದ್ದವು ಕೋಳಿಗಳು ಮಾತ್ರ. ಪುಟ್ಟಕ್ಕ ಅಟ್ಟದ ಮೇಲಿಂದಲೇ ಪೊಲೀಸಿಗೆ ಫೋನು ಮಾಡಿದಳು.

ಹೆಡ್ ಕಾನ್‌ಸ್ಟೇಬಲ್ ಸುನಿತಾ ಸ್ಕೂಟರಿನಲ್ಲಿ ಬಂದರು. ಸದ್ದನ್ನು ಹಿಂಬಾಲಿಸಿ ಸೀದಾ ಕುಮಾರನ ನಡುಮನೆಗೆ ಬಂದು, ಬಾಕ್ಸನ್ನು ಅಲ್ಲಾಡಿಸಿದರು. ಅವರೂ ತೆಂಗಿನ ಸೀಮೆ ಚಿಕ್ಕನಾಯಕನಹಳ್ಳಿಯ ಹೆಣ್ಣುಮಗಳು. ಒಂದೇ ಸಲಕ್ಕೆ ತಿಳಿಯಿತು.

“ಏನ್ರೀ, ಒಳಗೆ ಕೊಬ್ರಿ ಐತೆ.”

“ಇಲ್ಲ ಮೇಡಂ, ಇದು ಸ್ಪೀಕರು.”

“ಸ್ಪೀಕರಿಗ್ಯಾಕ್ರೀ ಕೊಬ್ರಿ ಸಪ್ಳ? ಎಲ್ಲಿಂದ ತಂದ್ರಿ?”

“ನಮ್ಮಾವ ಕೊಡ್ಸಿದ್ದು. ಬೇಕಾದ್ರೆ ಕೇಳಿ” ಎಂದು ಕುಮಾರ ಬುದ್ಧಿವಂತಿಕೆ ಮಾಡಿ, ಮಾವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಹುಚ್ಚರಂಗಯ್ಯನವರ ದನಿ ಮನೆಯೆಲ್ಲ ತುಂಬಿತು.

“ಹೌದವ್ವಾ, ನಾನೇ ಆರ್ಸಿ ಕೊಟ್ಟಿದ್ದು! ತಿಪಟೂರು ಗೋಡೌನಿಂದು, ಚೆನ್ನಾಗಿ ಬಲ್ತಿರೋದು! ರೇಟು ಕೇಳ್ಬ್ಯಾಡಿ, ಟವೆಲಲ್ಲಿ ವ್ಯಾಪಾರ ಆಗೈತೆ! ಬಿಚ್ಬ್ಯಾಡಿ ಅಂತ ಅಳಿಯಂದ್ರಿಗೆ ಹೇಳಿವ್ನಿ!”

ಸುನಿತಾ ಮೇಡಂ ನಿಧಾನವಾಗಿ ಕುಮಾರನ ಕಡೆ ತಿರುಗಿದರು. ಇಷ್ಟು ಸಲೀಸಾಗಿ ತಪ್ಪೊಪ್ಪಿಗೆ ಅವರಿಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. “ನಡೀರಿ, ಬಾಕ್ಸು ಸ್ಟೇಷನ್ನಿಗೆ” ಎಂದರು. ಕುಮಾರ ಬಾಕ್ಸನ್ನು ಅಪ್ಪಿಕೊಂಡು ಕೂತುಬಿಟ್ಟ. ಅವನ ಕಣ್ಣು ತುಂಬಿತ್ತು.

“ಮೇಡಂ, ನಾಳೆ ಒಂದಿನ ಬುಡಿ. ನಾಳೆ ನನ್ ಸೌಂಡು ಕೇಳ್ಲಿಲ್ಲ ಅಂದ್ರೆ ನನ್ನ ತಂಡದಿಂದ ತೆಗೆದಾಕ್ತಾರೆ. ಆಮೇಲೆ ನಾನೂ ಬತ್ತೀನಿ, ಬಾಕ್ಸೂ ಬತ್ತದೆ.”

ಪೊಲೀಸರೂ ಮನುಷ್ಯರೇ. ಆದರೆ ಮಾಲು ಕಣ್ಣ ಮುಂದೆ ಇರಬೇಕೆಂದು ಸುನಿತಾ ಮೇಡಂ ಷರತ್ತು ಹಾಕಿದರು. ಹೀಗಾಗಿ ಮರುದಿನ ಸಂಜೆ ತಿಪಟೂರಿನ ಕಲ್ಯಾಣಮಂಟಪಕ್ಕೆ ಲಗೇಜ್ ಆಟೋದಲ್ಲಿ ಬಾಕ್ಸು, ಹಿಂದೆ ಸ್ಕೂಟರಿನಲ್ಲಿ ಪೊಲೀಸು, ಹೀಗೆ ಮಂತ್ರಿಗಳಂತೆ ಬಂದಿಳಿದೆವು. ಬೀಗರು ಅದನ್ನು ಕಂಡು ಹುಚ್ಚರಂಗಯ್ಯನವರ ವಶೀಲಿ ದೊಡ್ಡದೆಂದು ಮಾತಾಡಿಕೊಂಡರು. ಮೇಡಂ ಯೂನಿಫಾರಂನಲ್ಲೇ ಮುಂದಿನ ಸಾಲಿನಲ್ಲಿ ಕೂತು, ಮದುಮಕ್ಕಳ ಕಡೆ ತಿರುಗಿಯೂ ನೋಡದೆ, ಬಾಕ್ಸನ್ನೇ ನೋಡತೊಡಗಿದರು.

ನಾನು ಮೈಕು ಹಿಡಿದು, “ಬಾಸ್ ಗಿಟಾರಿನಲ್ಲಿ ನಾದಲೋಲ...” ಎನ್ನುವಾಗ ಮೊದಲ ಸಲ ನಾನೇ ಕಿವಿ ನಿಮಿರಿಸಿದೆ. ಹಾಡು ಶುರುವಾಯಿತು. ಧುಂ-ಲೊಡಕ್. ಧುಂ-ಲೊಡಕ್.

ಆ ಸಭೆಯಲ್ಲಿದ್ದವರು ಯಾರು? ಹಾಲ್ಕುರಿಕೆ, ಸಂಪಿಗೆ, ಹುಳಿಯಾರು ಕಡೆಯ ತೋಟದವರು, ಮಂಡಿಯವರು. ತೊಟ್ಟಿಲಲ್ಲಿ ಗಿಲಕಿಗೆ ಮೊದಲು ಕಾಯಿಯ ಸಪ್ಪಳ ಕೇಳಿ ಬೆಳೆದವರು. ಮೊದಲ ಲೊಡಕ್ಕಿಗೆ ಮುಂದಿನ ಸಾಲು ತಲೆಯೆತ್ತಿತು. ಎರಡನೆಯದಕ್ಕೆ ಹಿಂದಿನ ಸಾಲು ಎದ್ದು ನಿಂತಿತು. ಊಟದ ಹಾಲಿನಿಂದ ಜನ ಎಂಜಲ ಕೈಯಲ್ಲೇ ಓಡಿಬಂದರು.

“ಯಾರ್ದ್ಲಾ ಅದು ಕಾಯಿ? ಚೆನ್ನಾಗಿ ಒಣಗೈತೆ!”

“ಆ ಕಪ್ಪು ಬಾಕ್ಸಿಂದು ಕಣ್ಲಾ! ಹುಚ್ಚರಂಗಯ್ಯನ ಅಳಿಯ ಬಾರಿಸ್ತಾವ್ನೆ!”

ಜುಂಜೇಶ ಕಣ್ಣಲ್ಲೇ ಬೆಂಕಿ ಉಗುಳಿದ. ಕುಮಾರ ನೋಡಲಿಲ್ಲ. ಇಡೀ ಸಭೆ ಅವನನ್ನು ನೋಡುತ್ತಿತ್ತು, ಅವನಿಗೆ ಅಷ್ಟೇ ಬೇಕಾಗಿತ್ತು. ಎರಡನೇ ಹಾಡು ಕುಣಿಯುವ ಹಾಡು. ಕುಮಾರ ಆವೇಶದಿಂದ ದಪ್ಪ ತಂತಿಯನ್ನು ಒಂದೇ ಸಮ ಬಡಿದ. ಬಾಕ್ಸು ನಡುಗಿತು, ಹತ್ತಿ ಉದುರಿತು, ದುಂಡಗಿನ ತೂತಿನಿಂದ ದುಂಡಗಿನದೊಂದು ಪುಟಕ್ಕನೆ ಹೊರಗೆ ನೆಗೆದು, ವೇದಿಕೆಯ ಮೇಲೆ ಉರುಳಿ, ಮದುಮಗಳ ಪಾದಕ್ಕೆ ತಾಗಿ ನಿಂತಿತು.

ಒಂದು ಉಂಡೆ ಕೊಬ್ಬರಿ.

“ಹಿಡೀರಿ!” ಎಂದು ಸುನಿತಾ ಮೇಡಂ ವೇದಿಕೆಗೆ ಹಾರಿದರು. ಅವರಿಗಿಂತ ಮೊದಲು ಹುಚ್ಚರಂಗಯ್ಯನವರು ಅದನ್ನೆತ್ತಿ, ಉಗುರಿನಿಂದ ಕೆರೆದು, ಮೂಸಿ, ಅಂಚು ಕಚ್ಚಿ ಅಗಿದು, ನನ್ನ ಮೈಕು ಕಿತ್ತುಕೊಂಡಿದ್ದರು.

“ಮಹಾಜನಗಳೇ! ಫಸ್ಟ್ ಕ್ಲಾಸ್ ಮಾಲು! ನಾನು ಅವತ್ತೇ ಹೇಳ್ಲಿಲ್ವಾ ಮೇಷ್ಟ್ರೇ, ಒಳಗೆ ಬಲ್ತೈತೆ ಅಂತ?”

ಗೋಡೌನಿನಲ್ಲಿ ಮೂಟೆಯಿಂದ ಜಾರಿ ತೂತಿಗೆ ಬಿದ್ದದ್ದೆಂದು ಎಲ್ಲರಿಗೂ ಹೊಳೆಯಿತು. ಒಂದೇ ಒಂದು ಕೊಬ್ಬರಿಗೆ, ಅದೂ ಕಚ್ಚಿದ್ದಕ್ಕೆ, ಕೇಸು ಹಾಕುವುದು ಹೇಗೆಂದು ಸುನಿತಾ ಮೇಡಂ ಸ್ವಲ್ಪ ಯೋಚಿಸಿ, ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಕೂತರು.

ಹಾಡು ಮುಂದುವರಿಯಿತು. ಈಗ ಬಾಕ್ಸಿನಿಂದ ಬಂದದ್ದು ಶುದ್ಧ ಧುಂ. ಗುಂಡಗೆ, ಆಳವಾಗಿ, ಒಂದಿಷ್ಟೂ ಕಲಬೆರಕೆಯಿಲ್ಲದೆ. ನಾನು ಪಕ್ಕದಲ್ಲೇ ಇದ್ದೆ, ಸುಳ್ಳು ಹೇಳುವುದಿಲ್ಲ, ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ನಾದಲೋಲ ಎಂದು ಕೂಗಿದ್ದು ನಿಜವೇ ಆಗಿತ್ತು. ಆದರೆ ಸಭೆ ಕೂತುಬಿಟ್ಟಿತು. ಎಂಜಲ ಕೈಯವರು ಊಟಕ್ಕೆ ವಾಪಸಾದರು. ಹುಚ್ಚರಂಗಯ್ಯನವರು ವೇದಿಕೆಯ ಅಂಚಿಗೆ ಬಂದು ಕನಿಕರದಿಂದ ಕೇಳಿದರು.

“ಯಾಕಳಿಯಂದ್ರೇ, ನಿಲ್ಸ್‌ಬುಟ್ರಿ?”

ಕುಮಾರ ಆಗ ಬಾರಿಸುತ್ತಲೇ ಇದ್ದ. ಅವನ ಮುಖ ನೋಡಲಾಗಲಿಲ್ಲ. ವೇದಿಕೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದ ಧನಲಕ್ಷ್ಮಿ ಮಾತ್ರ ಹಿಂದಕ್ಕೆ ತಿರುಗಿ ಮೆಲ್ಲಗೆ ಹೇಳಿದಳು. “ನಿಲ್ಲಿಸ್ಬ್ಯಾಡಿ ಕಣ್ರೀ. ಸದ್ದು ಹಲಗೇಲಿ ಅಂಗಾಲಿಗೆ ಬತ್ತಾ ಐತೆ. ಈಗ್ಲೇ ಚೆನ್ನಾಗಿರೋದು.”

ಅಷ್ಟರಲ್ಲಿ ಜುಂಜೇಶನ ಎಡಗೈ ಕೀಬೋರ್ಡಿನ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ, “ಕೊಬ್ರಿ ಹಾಕ್ರಪ್ಪೋ!” ಎಂದು ಕೂಗಿದರು. ಸಭೆಯೆಲ್ಲ ದನಿಗೂಡಿಸಿತು. ಕುಮಾರ ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಆ ಎಡಗೈಯನ್ನು ನೋಡಿದ. ಗಿಟಾರು ನೇತುಹಾಕಿಕೊಂಡೇ ಕೆಳಗಿಳಿದು ಸುನಿತಾ ಮೇಡಂ ಮುಂದೆ ಕೈ ಚಾಚಿದ. ಅವರು ಕರ್ಚೀಫು ಬಿಚ್ಚಿ ಕೊಬ್ಬರಿ ಕೊಟ್ಟು, “ಚೆನ್ನಾಗಿ ಬಾರ್ಸ್ರಿ” ಎಂದರು. ಕುಮಾರ ಅದನ್ನು ತೂತಿನೊಳಗೆ ಹಾಕಿದ.

ಲೊಡಕ್ ಎಂದದ್ದೇ ತಡ, ಸಭೆ ಹುಚ್ಚೆದ್ದು ಕುಣಿಯಿತು. ಜುಂಜೇಶ ಎಡಗೈಯನ್ನು ಕೀಬೋರ್ಡಿನಿಂದ ತೆಗೆದು ಜೇಬಿನಲ್ಲಿಟ್ಟುಕೊಂಡ.

ಈಗ ನಮಗೆ ಬಿಡುವಿಲ್ಲ. ಪೋಸ್ಟರಿನಲ್ಲಿ ಜುಂಜೇಶನ ಚಿತ್ರಕ್ಕಿಂತ ಬಾಕ್ಸಿನ ಚಿತ್ರ ದೊಡ್ಡದು. ಪ್ರತಿ ಕಾರ್ಯಕ್ರಮಕ್ಕೂ ಹುಚ್ಚರಂಗಯ್ಯನವರು ಮುಂಚಿತವಾಗಿ ಬಂದು ಬಾಕ್ಸು ಅಲ್ಲಾಡಿಸಿ ಕೇಳಿ, ಬೇಕೆನಿಸಿದರೆ ಅಟ್ಟದಿಂದ ಆರಿಸಿ ತಂದ ಹೊಸ ಕೊಬ್ಬರಿ ಹಾಕುತ್ತಾರೆ. ಅಳಿಯಂದಿರ ಕೈಯೂ ಈಚೆಗೆ ಬಲಿಯುತ್ತಿದೆಯೆಂದು ನನ್ನ ಹತ್ತಿರ ಒಪ್ಪಿಕೊಂಡಿದ್ದಾರೆ.

ಮನೆಯಲ್ಲಿ ಬಾರಿಸುವಾಗ ಮಾತ್ರ ಕುಮಾರ ಕೊಬ್ಬರಿಯನ್ನು ಹೊರಗೆ ತೆಗೆದಿಡುತ್ತಾನೆ. ಮೊನ್ನೆ ಸಂಜೆ ನಾನು ಹೋದಾಗ ಅವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಧನಲಕ್ಷ್ಮಿ ಬಾಕ್ಸಿಗೆ ಬೆನ್ನು ಒರಗಿಸಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗೋಡೆಯಾಚೆಯಿಂದ ಪುಟ್ಟಕ್ಕ ಕೂಗಿದಳು.

“ಧನಲಕ್ಷ್ಮೀ, ನಿಮ್ಮೋರು ಮನೇಲಿ ಬಾರ್ಸೋದೇ ಬುಟ್‌ಬುಟ್ರಾ? ಏನೂ ಕೇಳಕಿಲ್ವಲ್ಲೇ!”

“ಹೂಂ ಕಣಕ್ಕಾ, ಬುಟ್‌ಬುಟ್ರು” ಎಂದಳು ಧನಲಕ್ಷ್ಮಿ, ಬೆನ್ನನ್ನು ಬಾಕ್ಸಿಗೆ ಇನ್ನಷ್ಟು ಒತ್ತಿಕೊಂಡು.